ಬಿಗಿ ಜಡೆ, ಬೋಳು ನೆತ್ತಿ

ಕೊಲ್ಲಿಗೆ ಬಂದವರ ತಲೆಗೂದಲು ಉದುರಿದರೆ ನಾವೆಲ್ಲ ಮೊದಲು ಬೈಯುವುದು ಇಲ್ಲಿನ ನೀರನ್ನು. ನಮ್ಮೊಡನೆ ಇಲ್ಲಿ ದುಡಿಯುವ ಕೀನ್ಯಾದ ಹೆಣ್ಣುಮಕ್ಕಳನ್ನು ಕೇಳಿದರೆ ಜಡೆಯ ಮಾತು ಬರುತ್ತದೆ. ಅವರ ರಾಜಧಾನಿ ನೈರೋಬಿಯ ಕೆನ್ಯಾಟ್ಟಾ ಮಾರ್ಕೆಟ್ ಜಡೆ ಹೆಣೆಯುವವರಿಗೆ ಹೆಸರುವಾಸಿ. ಬೇರೆ ಕೂದಲು ಸೇರಿಸಿ ಸಣ್ಣ ಸಣ್ಣ ಜಡೆಗಳನ್ನು ಬಿಗಿಯಾಗಿ ಹೆಣೆದು ವಾರಗಟ್ಟಲೆ ಹಾಗೇ ಬಿಡುತ್ತಾರೆ. ಆ ಎಳೆತಕ್ಕೆ ಹಣೆಯಂಚಿನ, ಕಿವಿ ಮೇಲಿನ ಕೂದಲು ಮೊದಲು ತೆಳುವಾಗುತ್ತದೆ.

ಇದು ಆಫ್ರಿಕದ್ದೇ ತೊಂದರೆಯಲ್ಲ. 1907ರಲ್ಲಿ ಟ್ರೆಬಿಟ್ಶ್ ಎಂಬ ವೈದ್ಯ ಇದನ್ನು ಗುರುತಿಸಿದ್ದು ಹಿಮದ ನಾಡಾದ ಗ್ರೀನ್‌ಲ್ಯಾಂಡಿನಲ್ಲಿ, ಬಿಗಿದು ಜುಟ್ಟು ಕಟ್ಟುತ್ತಿದ್ದ ಹೆಂಗಸರಲ್ಲಿ! ಕೂದಲನ್ನು ಬಿಗಿಯಾಗಿ ಗಂಟು ಹಾಕುವ ಸಿಖ್ಖರಲ್ಲೂ ಆಮೇಲೆ ಕಂಡಿತು. ಆರಂಭದಲ್ಲೇ ಜಡೆ ಸಡಿಲಿಸಿದರೆ ಕೂದಲು ಮರಳುತ್ತದೆ. ವರ್ಷಗಟ್ಟಲೆ ಎಳೆದರೆ ಬುಡವೇ ಕಲೆಗಟ್ಟುತ್ತದೆ. ಆಮೇಲೆ ಯಾವ ಎಣ್ಣೆಯೂ ಅಲ್ಲಿ ಕೂದಲು ಹುಟ್ಟಿಸದು.

ನಮ್ಮ ಗಂಡಸರ ನೆತ್ತಿಯದು ಬೇರೆ ಕಥೆ. ಬಹುಪಾಲು ಅದು ವಂಶದಿಂದ ಬಂದದ್ದು, ಗಂಡು ಹಾರ್ಮೋನಿನ ಕೆಲಸ. ಅದಕ್ಕೆ ಮದ್ದು ಸಿಕ್ಕಿದ್ದೂ ಆಕಸ್ಮಿಕವೇ. ರಕ್ತದೊತ್ತಡಕ್ಕೆಂದು ಮಿನಾಕ್ಸಿಡಿಲ್ ಮಾತ್ರೆ ನುಂಗಿದವರ ಮೈಮೇಲೆ ಕೂದಲು ಬೆಳೆಯತೊಡಗಿತು. 1988ರಲ್ಲಿ ಅಮೆರಿಕ ಅದನ್ನೇ ತಲೆಗೆ ಹಚ್ಚುವ ದ್ರವವಾಗಿ ಒಪ್ಪಿತು. ಹಚ್ಚುವುದನ್ನು ಬಿಟ್ಟರೆ ಬಂದ ಕೂದಲು ಕೆಲವೇ ತಿಂಗಳಲ್ಲಿ ಹೋಗುತ್ತದೆ; ಬಾಟಲಿ ಮಾರುವವರು ಇದನ್ನು ಹೇಳುವುದು ಕಡಿಮೆ.