ಉಚ್ಚಿಲ–ಮುಂಬಯಿ: ವಿಮಾನದ ದೂರ ಮತ್ತು ಪ್ರಯಾಣದ ಅವಧಿ

ಉಚ್ಚಿಲ ಉಡುಪಿ ಜಿಲ್ಲೆಯ ಕಾಪು ತಾಲೂಕಿನ ಕಡಲತಡಿಯ ಊರು. ಕಾಪು ಮತ್ತು ಪಡುಬಿದ್ರಿಯ ನಡುವೆ, ರಾಷ್ಟ್ರೀಯ ಹೆದ್ದಾರಿ 66ರ ಮೇಲಿದೆ. ಇಲ್ಲಿಂದ ಮುಂಬಯಿಗೆ ನೇರ ಗೆರೆ ಎಳೆದರೆ ಸುಮಾರು 685 ಕಿ.ಮೀ. ಹತ್ತಿರದ ವಿಮಾನ ನಿಲ್ದಾಣ ಮಂಗಳೂರಿನ ಬಜ್ಪೆಯದು.

ಮುಂಬಯಿಯೊಂದಿಗೆ ಈ ಕರಾವಳಿಯ ನಂಟು ಹಳೆಯದು. ಮೊಗವೀರರು ಅಲ್ಲಿ ಮೊಗವೀರ ವ್ಯವಸ್ಥಾಪಕ ಮಂಡಳಿಯನ್ನು ಕಟ್ಟಿಕೊಂಡದ್ದು 1902ರಲ್ಲಿ. ಬಂಟರ ಸಂಘ ಹುಟ್ಟಿದ್ದು 1927ರಲ್ಲಿ. ಉಚ್ಚಿಲದ ಮಹಾಲಕ್ಷ್ಮಿ ದೇವಸ್ಥಾನದ ಉತ್ಸವಗಳಿಗೆ ಮುಂಬಯಿಯಲ್ಲಿ ನೆಲೆಸಿದವರು ಊರಿಗೆ ಬರುವುದು ವಾಡಿಕೆ.

ದೂರ

ಬಜ್ಪೆಯಿಂದ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ್ ವಿಮಾನ ನಿಲ್ದಾಣಕ್ಕೆ ವಾಯುಮಾರ್ಗದ ದೂರ ಸುಮಾರು 715 ಕಿ.ಮೀ. ಮುಂಬಯಿ ಇರುವುದು ಉತ್ತರ ದಿಕ್ಕಿನಲ್ಲಿ. ಆದರೆ ಉಚ್ಚಿಲದವರು ವಿಮಾನ ಹತ್ತಬೇಕಾದರೆ ಮೊದಲು ಮೂಲ್ಕಿ, ಸುರತ್ಕಲ್ ದಾಟಿ ದಕ್ಷಿಣಕ್ಕೆ ಹೋಗಬೇಕು. ರಸ್ತೆಯಲ್ಲಿ ಬಂದಷ್ಟು ದೂರವನ್ನು ವಿಮಾನ ಕೆಲವೇ ನಿಮಿಷಗಳಲ್ಲಿ ಉತ್ತರಕ್ಕೆ ಮರಳಿ ಕ್ರಮಿಸುತ್ತದೆ.

ಅವಧಿ

ಗಂಟೆಗೆ 800 ಕಿ.ಮೀ. ವೇಗದಲ್ಲಿ ಲೆಕ್ಕ ಹಾಕಿದರೆ 715 ಕಿ.ಮೀ.ಗೆ 55 ನಿಮಿಷವೂ ಬೇಡ. ವೇಳಾಪಟ್ಟಿ ತೋರಿಸುವುದು ಮಾತ್ರ ಸುಮಾರು ಒಂದೂವರೆ ಗಂಟೆ. ರನ್‌ವೇವರೆಗೆ ಸಾಗುವ, ಮೇಲೇರುವ, ವೇಗ ತಗ್ಗಿಸಿ ಇಳಿಯುವ ಹೊತ್ತೂ ಅದರಲ್ಲಿ ಸೇರಿದೆ. ಮುಂಬಯಿಯ ದಟ್ಟಣೆಯಲ್ಲಿ ಇಳಿಯುವ ಸರದಿಗೆ ಆಕಾಶದಲ್ಲೇ ಸುತ್ತು ಹಾಕಬೇಕಾಗುವುದೂ ಉಂಟು.

ಮನೆಯಿಂದ ಬಜ್ಪೆಗೆ ಗಂಟೆಗೂ ಮೇಲ್ಪಟ್ಟ ರಸ್ತೆ ಪ್ರಯಾಣ, ಹೊರಡುವ ಮೊದಲಿನ ತಪಾಸಣೆಗೆ ಎರಡು ಗಂಟೆ, ಮುಂಬಯಿಯಲ್ಲಿ ಇಳಿದ ಮೇಲಿನ ಸಂಚಾರ ಇವನ್ನೆಲ್ಲ ಕೂಡಿಸಿದರೆ ಒಟ್ಟು ಐದಾರು ಗಂಟೆಯಾಗುತ್ತದೆ. ಅದರಲ್ಲಿ ವಿಮಾನದ ಪಾಲು ಮೂರನೇ ಒಂದಕ್ಕಿಂತ ಹೆಚ್ಚಿಲ್ಲ.

ಗಾಳಿಯೂ ಅವಧಿಯನ್ನು ಬದಲಿಸಬಲ್ಲದು. ದಕ್ಷಿಣ ಅಮೆರಿಕದ ಬ್ಯೂನಸ್ ಐರಿಸ್–ಸಾಂಟಿಯಾಗೊ ನಡುವಿನ ಸುಮಾರು 1,140 ಕಿ.ಮೀ. ಮಾರ್ಗ ಆಂಡಿಸ್ ಪರ್ವತಗಳನ್ನು ಅಡ್ಡ ಹಾಯುತ್ತದೆ. ಪಶ್ಚಿಮದಿಂದ ಬೀಸುವ ಗಾಳಿ ಎದುರಾಗುವುದರಿಂದ ಸಾಂಟಿಯಾಗೊಗೆ ಹೋಗಲು ಮರಳುವುದಕ್ಕಿಂತ ಹೆಚ್ಚು ಹೊತ್ತು ಬೇಕು. ಬಜ್ಪೆ–ಮುಂಬಯಿ ಮಾರ್ಗ ಹೆಚ್ಚುಕಡಿಮೆ ದಕ್ಷಿಣೋತ್ತರವಾಗಿರುವುದರಿಂದ ಹೋಗಿಬರುವ ಅವಧಿಯಲ್ಲಿ ಅಂಥ ಅಂತರವಿಲ್ಲ.

ವಿಮಾನ ಮತ್ತು ರೈಲು

ಬಜ್ಪೆ ನಿಲ್ದಾಣ ಆರಂಭವಾದದ್ದು 1951ರ ಡಿಸೆಂಬರ್ 25ರಂದು; ಜವಾಹರಲಾಲ್ ನೆಹರೂ ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಬಂದಿಳಿದರು. ಬೆಟ್ಟದ ನೆತ್ತಿಯ 2,450 ಮೀಟರ್ ಉದ್ದದ ಎರಡನೇ ರನ್‌ವೇ 2006ರಲ್ಲಿ ಬಳಕೆಗೆ ಬಂತು.

ರೈಲಿನ ಬದಲಾವಣೆ ಇನ್ನೂ ದೊಡ್ಡದು. ಕೊಂಕಣ ರೈಲು ಬರುವ ಮುನ್ನ ಮಂಗಳೂರು–ಮುಂಬಯಿ ರೈಲುಹಾದಿ ಸುತ್ತು ಬಳಸಿ 2,041 ಕಿ.ಮೀ., 41 ಗಂಟೆ. ರೋಹಾ–ತೋಕೂರು ನಡುವಿನ 741 ಕಿ.ಮೀ. ಹಳಿ 1998ರ ಜನವರಿಯಲ್ಲಿ ಪೂರ್ಣವಾಗಿ ತೆರೆದ ಮೇಲೆ ಅದು 914 ಕಿ.ಮೀ.ಗೆ, ಸುಮಾರು 15 ಗಂಟೆಗೆ ಇಳಿಯಿತು. ಉಚ್ಚಿಲದವರು ಉಡುಪಿಯ ಇಂದ್ರಾಳಿ ನಿಲ್ದಾಣದಲ್ಲಿ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹತ್ತಿ ಮರುದಿನ ಬೆಳಿಗ್ಗೆ ಮುಂಬಯಿ ತಲುಪಬಹುದು. ಮಳೆಗಾಲದಲ್ಲಿ ಗುಡ್ಡ ಜರಿಯುವ ಅಪಾಯದಿಂದ ಈ ಹಾದಿಯಲ್ಲಿ ರೈಲುಗಳ ವೇಗ ತಗ್ಗಿಸಿ, ಪ್ರತ್ಯೇಕ ವೇಳಾಪಟ್ಟಿ ಅನುಸರಿಸಲಾಗುತ್ತದೆ.