ಜೋಳಿಗೆ ಹಿಡಿದ ಸಭಾಪಾಲಕ

ಹೊಸಪೇಟೆಯಿಂದ ಹಂಪಿಗೆ ಹೋಗುವ ಬಸ್ಸಿನಲ್ಲಿ ಕೂತವರಿಗೆ ಕಡ್ಡಿರಾಂಪುರ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಅವರ ಕಣ್ಣೆಲ್ಲ ಮುಂದೆ ಕಾಣಲಿರುವ ವಿರೂಪಾಕ್ಷನ ಗೋಪುರದ ಮೇಲೆ. ನಾನು ಮದುವೆಯಾಗಿ ಬಂದು ಸೇರಿದ ಊರು ಇದು. ಇಲ್ಲಿ ವಿಜಯನಗರದ ಕಾಲದ ಮುಸಲ್ಮಾನರ ಗೋರಿಗಳಿವೆ. ಅವುಗಳ ಪಕ್ಕದಲ್ಲಿ ಓಡಾಡುತ್ತಲೇ ನನ್ನ ಅರ್ಧ ಆಯುಸ್ಸು ಕಳೆದಿದೆ. ಬೇರೆ ಧರ್ಮದವರು ನಮ್ಮ ನೆಲದಲ್ಲಿ ಬದುಕಿದ್ದರು, ದುಡಿದಿದ್ದರು, ಇಲ್ಲೇ ಮಣ್ಣಾದರು ಎಂಬುದನ್ನು ಆ ಕಲ್ಲುಗಳು ದಿನಾ ಹೇಳುತ್ತಿದ್ದರೂ ನನ್ನ ಅಡಿಗೆಮನೆಯವರೆಗೆ ಆ ಮಾತು ಬಂದಿರಲಿಲ್ಲ.

ನಮ್ಮ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಬಾಡಿಗೆಗೆ ಒಬ್ಬ ಟೀಚರಮ್ಮ ಇದ್ದರು. ಮಂಗಳೂರು ಕಡೆಯ ಕ್ಯಾಥೊಲಿಕ್ ಕ್ರೈಸ್ತರು. ಒಂದು ದಿನ ಸಂಜೆ ಅವರು ಬಾಗಿಲ ಹೊಸ್ತಿಲ ಮೇಲೆ ಸುಮ್ಮನೆ ಕೂತಿದ್ದರು. ಕೇಳಿದರೆ, ಮುಂಬಯಿಯಲ್ಲಿದ್ದ ಸೋದರಮಾವ ತೀರಿಕೊಂಡ ಸುದ್ದಿ ಬಂದಿತ್ತು.

"ಮಾವ ಅಂದ್ರೆ ತುಂಬ ದೊಡ್ಡವರು ಅಕ್ಕ. ಅವರು ಡೀಕನ್ ಆಗಿದ್ದರು," ಎಂದರು.

"ಹಂಗಂದ್ರ ಪಾದ್ರಿ ಏನ್ರಿ?" ಎಂದೆ.

"ಅಲ್ಲ ಅಕ್ಕ. ಪಾದ್ರಿಗಳಿಗೆ ಸಂಸಾರ ಇಲ್ಲ. ಮಾವನಿಗೆ ಹೆಂಡತಿ, ಮಕ್ಕಳು, ಆಫೀಸು ಎಲ್ಲ ಉಂಟು."

ಅಂದು ರಾತ್ರಿ ಬಹಳ ಹೊತ್ತು ಅವರು ಮಾವನ ಮಾತನ್ನೇ ಆಡಿದರು. ವಾರವೆಲ್ಲ ಕಂಪನಿಯೊಂದರಲ್ಲಿ ಲೆಕ್ಕ ಬರೆಯುವುದು, ಸಂಜೆ ರೋಗಿಗಳ ಮನೆಗೆ ಹೋಗಿ ಕೂರುವುದು, ಭಾನುವಾರ ಗುಡಿಯಲ್ಲಿ ಸುವಾರ್ತೆ ಓದುವುದು. ಸಂಬಳ ಆಫೀಸಿನದು ಮಾತ್ರ. ಗುಡಿಯ ಕೆಲಸಕ್ಕೆ ಕೂಲಿಯಿಲ್ಲ.

ಡೀಕನ್ ಎಂಬುದು ಗ್ರೀಕ್ ಮೂಲದ ಶಬ್ದ. ಸೇವಕ ಎಂದು ಅರ್ಥ. ಇದರ ಹುಟ್ಟಿನ ಕತೆ ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿದೆ. ಆರಂಭದ ಕ್ರೈಸ್ತ ಸಮುದಾಯದಲ್ಲಿ ದಿನವೂ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರಿಗೆ ಸರಿಯಾಗಿ ಸಿಗುತ್ತಿಲ್ಲ ಎಂಬ ದೂರು ಬಂತಂತೆ. ಆಗ ಹಂಚುವ ಕೆಲಸಕ್ಕೆಂದೇ ಏಳು ಜನರನ್ನು ಆರಿಸಿದರು. ವಿಧವೆಯರ ತಟ್ಟೆಗೆ ಅನ್ನ ಬಿತ್ತೇ ಇಲ್ಲವೇ ಎಂದು ನೋಡುವುದೇ ಈ ಹುದ್ದೆಯ ಮೊದಲ ಕೆಲಸ! ಇದನ್ನು ಕೇಳಿದಾಗ ನನಗೆ ನಗು ಬಂತು. ಎಲ್ಲರಿಗೂ ಬಡಿಸಿ, ಯಾರಿಗೆ ಸಾಲದಾಯಿತು ಎಂದು ನೋಡಿ, ಉಳಿದದ್ದನ್ನು ಉಣ್ಣುವ ಕೆಲಸ ನಮಗೆ ಹೊಸದೇ?

ಕ್ಯಾಥೊಲಿಕ್ಕರಲ್ಲಿ ನೂರಾರು ವರ್ಷ ಈ ಹುದ್ದೆ ಪಾದ್ರಿಯಾಗುವ ಹಾದಿಯ ಒಂದು ಮೆಟ್ಟಿಲಾಗಿ ಮಾತ್ರ ಉಳಿದಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಇದನ್ನು ಮತ್ತೆ ಜೀವಮಾನದ ಸೇವೆಯಾಗಿ ತರಲು ಒಪ್ಪಿತು. 1967ರಲ್ಲಿ ಆರನೆಯ ಪೌಲ್ ಪೋಪರು ನಿಯಮಗಳನ್ನು ಹೊರಡಿಸಿದರು. ಮದುವೆಯಾದ ಗೃಹಸ್ಥರೂ ಡೀಕನ್ ಆಗಬಹುದು. ದೀಕ್ಷಾಸ್ನಾನ ಕೊಡಬಹುದು, ಮದುವೆ ನಡೆಸಬಹುದು, ಶವಸಂಸ್ಕಾರ ಮಾಡಿಸಬಹುದು. ಪೂಜೆ ಅರ್ಪಿಸುವ, ಪಾಪನಿವೇದನೆ ಕೇಳುವ ಅಧಿಕಾರ ಪಾದ್ರಿಗಳದ್ದೇ. ಆದರೆ ಒಂದು ನಿಯಮ ನನ್ನ ಮನಸ್ಸಿಗೆ ನಾಟಿತು. ಗೃಹಸ್ಥನೊಬ್ಬ ಡೀಕನ್ ಆಗಬೇಕಾದರೆ ಅವನ ಹೆಂಡತಿ ಒಪ್ಪಿಗೆ ಕೊಡಲೇಬೇಕು. ಅವಳು ಬೇಡವೆಂದರೆ ಅವನ ಭಕ್ತಿ ಎಷ್ಟೇ ದೊಡ್ಡದಿದ್ದರೂ ದೀಕ್ಷೆಯಿಲ್ಲ.

ಸಾವಿನ ಸುದ್ದಿ ಬಂದ ಮನೆಗೆ ನೆರೆಯವರು ಅಡಿಗೆ ಮಾಡಿ ಒಯ್ಯುವುದು ನಮ್ಮ ಕೇರಿಯ ಪದ್ಧತಿ. ಮಾರನೆಯ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಕೂತಾಗ ನನ್ನ ಕಣ್ಣು ಗೂಡಿನಲ್ಲಿದ್ದ ಒಂದು ಸ್ಟೀಲ್ ಲೋಟದ ಮೇಲೆ ಬಿತ್ತು. ಹೇಳಲು ನಾಚಿಕೆಯಾಗುತ್ತದೆ. ಟೀಚರಮ್ಮ ನಮ್ಮ ಮನೆಗೆ ಬಂದಾಗ ಚಹಾ ಕೊಡಲೆಂದು ಬೇರೆ ಇಟ್ಟ ಲೋಟ ಅದು. ಅತ್ತೆಯವರು ಇದ್ದಾಗ ಶುರುವಾದದ್ದು. ಅವರು ಹೋದ ಮೇಲೂ ನಾನು ತೆಗೆದಿರಲಿಲ್ಲ. ಟೀಚರಮ್ಮ ಅದನ್ನು ಗಮನಿಸಿರಲಿಲ್ಲವೇ? ಖಂಡಿತ ಗಮನಿಸಿದ್ದರು. ಕುಡಿದಾದ ಮೇಲೆ ತಾವೇ ತೊಳೆದು ಅದೇ ಗೂಡಿನಲ್ಲಿ ಇಡುತ್ತಿದ್ದರು.

ಲೋಟ ನೋಡುತ್ತ ಕೂತವಳಿಗೆ ಅಪ್ಪ ನೆನಪಾದರು. ಅಪ್ಪನ ಬಾಯಲ್ಲಿ ಮಾತಿಗೊಂದು ಸರ್ವಜ್ಞನ ತ್ರಿಪದಿ. ಅವರ ಹತ್ತಿರ ಹಾಳೆ ಹಳದಿಯಾದ ಒಂದು ಸರ್ವಜ್ಞನ ಪುಸ್ತಕವಿತ್ತು. ಅದನ್ನು ಕೂಡಿಸಿಕೊಟ್ಟವರ ಹೆಸರು ಉತ್ತಂಗಿ ಚನ್ನಪ್ಪ. ಹೆಸರು ಕೇಳಿ ಯಾರೋ ಮಠದ ಕಡೆಯ ಶರಣರಿರಬೇಕೆಂದು ನಾನು ತಿಳಿದಿದ್ದೆ. ಅವರು ಕ್ರೈಸ್ತ ಸಭಾಪಾಲಕರು ಎಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ.

ಉತ್ತಂಗಿ ನಮಗೆ ದೂರದ ಊರೇನಲ್ಲ, ಹೂವಿನಹಡಗಲಿ ತಾಲ್ಲೂಕಿನದು. 2021ರಲ್ಲಿ ಹೊಸಪೇಟೆಯನ್ನು ಕೇಂದ್ರವಾಗಿಟ್ಟು ವಿಜಯನಗರ ಜಿಲ್ಲೆಯಾದ ಮೇಲೆ ಅದು ನಮ್ಮದೇ ಜಿಲ್ಲೆ. ಚನ್ನಪ್ಪನವರ ಮನೆತನದ ಬೇರು ಆ ಹಳ್ಳಿಯಲ್ಲಿತ್ತು. ಅವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದು, ಮೂರು ವರ್ಷದಲ್ಲಿ ಧಾರವಾಡಕ್ಕೆ ಕಾಲಿಟ್ಟಿದ್ದರು. ಲಿಂಗಾಯತ ಮೂಲದ ಈ ಕುಟುಂಬ ಕ್ರೈಸ್ತವಾಯಿತು. ಆದರೆ ಊರಿನ ಹೆಸರು ಮನೆತನದ ಹೆಸರಾಗಿ ಉಳಿಯಿತು, ಮಗನಿಗೆ ಚನ್ನಪ್ಪ ಎಂಬ ಹೆಸರೂ ಉಳಿಯಿತು.

ಅವರು ಕ್ಯಾಥೊಲಿಕ್ಕರಲ್ಲ, ಪ್ರಾಟೆಸ್ಟಂಟರು. ಆದ್ದರಿಂದ ಟೀಚರಮ್ಮನ ಮಾವನ ಹುದ್ದೆಗೂ ಇವರ ಹುದ್ದೆಗೂ ಹೆಸರು ಬೇರೆ, ವಿಧಿ ಬೇರೆ. ಆದರೆ ಸಂಸಾರದಲ್ಲಿದ್ದುಕೊಂಡೇ ಸೇವೆಗೆ ನಿಂತ ಬದುಕು ಎರಡೂ. ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಓದಿ, ಹುಬ್ಬಳ್ಳಿ-ಧಾರವಾಡದ ಕಡೆಗೂ ಹಡಗಲಿಯ ಕಡೆಗೂ ಅವರು ಸಭೆಯ ಕೆಲಸ ಮಾಡಿದರು. ಆ ಕಾಲಕ್ಕೆ ಧಾರವಾಡ ಮುಂಬಯಿ ಪ್ರಾಂತ, ಹಡಗಲಿ ಮದರಾಸು ಪ್ರಾಂತ. ಕನ್ನಡ ಮಾತ್ರ ಎರಡೂ ಕಡೆ ಒಂದೇ.

1921ರಲ್ಲಿ ಅವರ 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ' ಬಂತು. ಹೆಸರನ್ನೇ ಸ್ವಲ್ಪ ಗಮನಿಸಿ. ಯೇಸು ಹುಟ್ಟಿದ ಊರು ಕಾಶಿಯ ಮುಂದೆ ಬಂದು ನಿಂತಿದೆ. ಆಜ್ಞೆ ಮಾಡಲಿಕ್ಕಲ್ಲ, ವಿನಂತಿ ಮಾಡಿಕೊಳ್ಳಲಿಕ್ಕೆ. ತನ್ನ ದೇವರನ್ನು ಬಿಡದೆ, ಎದುರಿನವರ ದೇವರಿಗೆ ಕೈಮುಗಿದು ಮಾತಾಡುವ ರೀತಿ ಅದು.

ಮೂರು ವರ್ಷದ ಮೇಲೆ, 1924ರಲ್ಲಿ, ಸರ್ವಜ್ಞನ ವಚನಗಳು ಪ್ರಕಟವಾದವು. ತಾಳೆಗರಿಗಳಲ್ಲಿ, ಕೈಬರಹದ ಕಟ್ಟುಗಳಲ್ಲಿ, ಹಳ್ಳಿಯವರ ನಾಲಿಗೆಯ ಮೇಲೆ ಚೆಲ್ಲಾಪಿಲ್ಲಿಯಾಗಿದ್ದುದನ್ನು ಹುಡುಕಿ, ಹೋಲಿಸಿ, ಸುಮಾರು 2 ಸಾವಿರದಷ್ಟು ತ್ರಿಪದಿಗಳನ್ನು ಒಂದೆಡೆ ತಂದರು. ಸರ್ವಜ್ಞ ಭಿಕ್ಷೆ ಬೇಡುತ್ತ ತಿರುಗಿದ ಕವಿ. ಉತ್ತಂಗಿಯವರು ಅವನ ಮಾತನ್ನೇ ಭಿಕ್ಷೆ ಬೇಡಿ ತಂದರು. ಅದಕ್ಕೇ ಅವರಿಗೆ 'ತಿರುಳ್ಗನ್ನಡದ ತಿರುಕ' ಎಂಬ ಹೆಸರು ನಿಂತಿತು. ತ್ರಿಪದಿಯೆಂದರೆ ನಮ್ಮ ಅಜ್ಜಿಯರು ಬೀಸುಕಲ್ಲಿನ ಮುಂದೆ ಕೂತು ಹಾಡಿದ ಧಾಟಿಯಲ್ಲವೇ! ಹಿಟ್ಟಿನ ಜೊತೆ ಉದುರಿ ಹೋಗಬಹುದಾಗಿದ್ದ ಸಂಪತ್ತನ್ನು ಒಬ್ಬ ಸಭಾಪಾಲಕರು ಜೋಳಿಗೆಯಲ್ಲಿ ಹಿಡಿದುಕೊಂಡರು.

ಅಷ್ಟಕ್ಕೇ ನಿಲ್ಲಲಿಲ್ಲ. ಬಸವಣ್ಣನವರು ಅಸ್ಪೃಶ್ಯರ ಏಳಿಗೆಗೆ ಮಾಡಿದ ಕೆಲಸವನ್ನು ಕುರಿತು ಬರೆದರು. ಅನುಭವ ಮಂಟಪ ಬರಿಯ ಕಲ್ಪನೆಯಲ್ಲ, ಇತಿಹಾಸ ಎಂದು ಸಾಧಿಸಲು ಒಂದು ಗ್ರಂಥವನ್ನೇ ಬರೆದರು. ಮೋಳಿಗೆಯ ಮಾರಯ್ಯ ಮತ್ತು ಅವನ ರಾಣಿ ಮಹಾದೇವಿಯ ವಚನಗಳನ್ನು ಸಂಪಾದಿಸಿದರು. ಆ ದಂಪತಿಗಳ ಕತೆ ನಿಮಗೂ ಗೊತ್ತಿರಬಹುದು. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದು, ಅವನು ಕಟ್ಟಿಗೆಯ ಹೊರೆ ಮಾರಿದ. ಅವಳು ಅಂಬಲಿ ಕಾಸಿ ಬಂದವರಿಗೆ ಬಡಿಸಿದಳು. ಬಸವಣ್ಣ ಗುಟ್ಟಾಗಿ ಇಟ್ಟುಹೋದ ಹೊನ್ನು ಆ ಮನೆಯಲ್ಲಿ ಉಳಿಯಲಿಲ್ಲ, ದಾನವಾಗಿ ಹೋಯಿತು. ಹೊನ್ನು ಬೇಡವೆನ್ನುವ ಗಂಡನ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಜೋಳಿಗೆ ಹಿಡಿದು ಹಾಳೆ ಹುಡುಕುತ್ತ ತಿರುಗುವವರ ಮನೆಯಲ್ಲೂ ಒಲೆ ಉರಿಯಬೇಕು, ಬಂದವರಿಗೆ ಅನ್ನವಾಗಬೇಕು. ಡೀಕನ್ನನ ಹೆಂಡತಿಯ ಒಪ್ಪಿಗೆ ಕೇಳುವ ನಿಯಮ ನನಗೆ ಹಿಡಿಸಿದ್ದು ಇದಕ್ಕೇ. ಗಂಡಸಿನ ಸೇವೆಯ ಅರ್ಧ ಭಾರ ಎಲ್ಲಿ ಬೀಳುತ್ತದೆ ಎಂಬುದನ್ನು ಆ ನಿಯಮ ಬರೆದಿಟ್ಟಿದೆ.

1949ರಲ್ಲಿ ಕಲಬುರ್ಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಉತ್ತಂಗಿ ಚನ್ನಪ್ಪನವರೇ ಅಧ್ಯಕ್ಷರು. ನಿಜಾಮನ ಆಳ್ವಿಕೆಯಿಂದ ಆ ಸೀಮೆ ಬಿಡುಗಡೆಯಾಗಿ ಒಂದು ವರ್ಷ ಆಗಿತ್ತೋ ಇಲ್ಲವೋ. ಮತದ ಹೆಸರಿನಲ್ಲಿ ಆದ ಗಾಯಗಳು ಇನ್ನೂ ಹಸಿಯಾಗಿದ್ದ ನೆಲದಲ್ಲಿ ಒಬ್ಬ ಕ್ರೈಸ್ತ ಸೇವಕರನ್ನು ಕನ್ನಡಿಗರು ತಮ್ಮ ಮುಂದಾಳಾಗಿ ಕೂರಿಸಿದರು. 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿದ್ದನ್ನೂ, 1956ರಲ್ಲಿ ಕನ್ನಡ ನಾಡು ಒಂದಾದದ್ದನ್ನೂ ಕಂಡು ಅವರು 1962ರಲ್ಲಿ ತೀರಿಕೊಂಡರು.

ರೊಟ್ಟಿ ಆಯಿತು, ಪುಂಡಿಪಲ್ಲೆ ಆಯಿತು. ಡಬ್ಬಿಗೆ ತುಂಬಿದೆ. ಆ ಲೋಟವನ್ನು ಗೂಡಿನಿಂದ ತೆಗೆದು ನಮ್ಮ ಮನೆಯ ಉಳಿದ ಲೋಟಗಳ ಜೊತೆ ಬುಟ್ಟಿಗೆ ಹಾಕಿದೆ. ಈಗ ಯಾವುದು ಎಂದು ಗುರುತಿಸಲು ನನ್ನಿಂದಲೂ ಆಗುವುದಿಲ್ಲ. ಇಷ್ಟು ವರ್ಷದ ಮೇಲೆ ಇಷ್ಟೇ ಮಾಡಿದ್ದು, ದೊಡ್ಡದೇನಲ್ಲ.

ಹಿಂದಿನ ಕೋಣೆಗೆ ಹೋದಾಗ ಟೀಚರಮ್ಮ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿದ್ದರು. ಡಬ್ಬಿ ಇಸಿದುಕೊಂಡು, "ಕೂತ್ಕೊಳ್ಳಿ ಅಕ್ಕ, ಚಹಾ ಮಾಡ್ತೇನೆ" ಎಂದರು. ಎಂದೂ ಅಲ್ಲಿ ಏನೂ ಮುಟ್ಟದಿದ್ದ ನಾನು ಕೂತೆ. ಅವರು ಒಂದು ಗಳಿಗೆ ನನ್ನನ್ನು ನೋಡಿದರು, ಮತ್ತೆ ಸ್ಟವ್ ಹಚ್ಚಿದರು.

ಹಂಪಿಯಲ್ಲಿ ಅಹಮದ್ ಖಾನ್ ಎಂಬ ಮುಸಲ್ಮಾನ ಅಧಿಕಾರಿ 1439ರಲ್ಲಿ ಕಟ್ಟಿಸಿದ ಒಂದು ಮಸೀದಿಯಿದೆ. ತನ್ನ ದೊರೆ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದು. ಅಲ್ಲಿಯ ಕನ್ನಡ ಶಾಸನ ಅದನ್ನು ಕರೆಯುವುದು 'ಧರ್ಮಸಾಲೆ' ಎಂದು. ಆಗ ಈ ನೆಲಕ್ಕೆ ಗೊತ್ತಿದ್ದ ಮಾತು ನನ್ನ ಮನೆಯ ಹಿಂಬಾಗಿಲಿಗೆ ಬರಲು ಒಂದು ಸಾವು ಬೇಕಾಯಿತು.

ಚಹಾಕ್ಕೆ ಸಕ್ಕರೆ ಸ್ವಲ್ಪ ಜಾಸ್ತಿಯಾಗಿತ್ತು. ಪೂರ್ತಿ ಕುಡಿದೆ.