ನೆಲ ಮುಟ್ಟದೆ ಹೋದ ಶಾಂತಿಪಡೆ: ಜನರಲ್ ತಿಮ್ಮಯ್ಯ ಮತ್ತು 1953ರ ಕೊರಿಯಾ ವಾಯುಸಾಗಣೆ

ಕರ್ನಾಟಕದ ಸೈನಿಕ ಇತಿಹಾಸವನ್ನು ಕುರಿತ ಬರವಣಿಗೆಯು ಬಹುಮಟ್ಟಿಗೆ ಶಾಸನ, ವೀರಗಲ್ಲು ಮತ್ತು ಕೋಟೆಕೊತ್ತಲಗಳ ಆಧಾರದ ಮೇಲೆ ಬೆಳೆದುಬಂದಿದೆ. ತುರುಗಾಳಗದಲ್ಲಿ ಮಡಿದ ಹಳ್ಳಿಯ ವೀರನಿಂದ ಹಿಡಿದು ದೊಡ್ಡ ದಂಡನಾಯಕರವರೆಗೆ, ಕಾದಿದವರ ನೆನಪನ್ನು ಈ ನಾಡು ಕಲ್ಲಿನಲ್ಲಿ ಕಾಪಾಡಿಕೊಂಡಿದೆ. ಆದರೆ ಕಾಳಗ ನಿಂತ ಮೇಲೆ ಎರಡು ಪಕ್ಷಗಳ ನಡುವೆ ನಿಂತು, ಆಯುಧವಿದ್ದೂ ಅದನ್ನು ಬಳಸದೆ ಜೀವಗಳನ್ನು ಕಾಯ್ದವರ ಚರಿತ್ರೆಗೆ ನಮ್ಮ ಅಧ್ಯಯನಗಳಲ್ಲಿ ದೊರೆತಿರುವ ಸ್ಥಾನ ಅಲ್ಪವೇ ಸರಿ. ಅಂಥ ಕಾರ್ಯದಲ್ಲಿ ಜನರನ್ನೂ ಸಾಮಗ್ರಿಯನ್ನೂ ಸ್ಥಳಕ್ಕೆ ಮುಟ್ಟಿಸುವ ಸಾಗಣೆಯ ವ್ಯವಸ್ಥೆಯಂತೂ ಇತಿಹಾಸಕಾರರ ಗಮನಕ್ಕೆ ಬರುವುದು ಇನ್ನೂ ವಿರಳ. ಕೊಡಗಿನ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಅಧ್ಯಕ್ಷರಾಗಿದ್ದ ಕೊರಿಯಾದ ಆಯೋಗದ ಸಂದರ್ಭದಲ್ಲಿ ನಡೆದ ಒಂದು ಅಪೂರ್ವ ವಾಯುಸಾಗಣೆಯನ್ನು ಮುಂದಿಟ್ಟುಕೊಂಡು, ಶಾಂತಿಕಾರ್ಯದ ಹಾರಾಟಗಳನ್ನು ನಿರ್ಧರಿಸುವ ಅಂಶ ಯಾವುದು ಎಂಬ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತಿಮ್ಮಯ್ಯನವರು 1906ರ ಮಾರ್ಚ್ 31ರಂದು ಮಡಿಕೇರಿಯಲ್ಲಿ ಜನಿಸಿದರು. ಅವರ ವಿದ್ಯಾಭ್ಯಾಸದ ಒಂದು ಭಾಗ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ನಡೆಯಿತು. ಕೊರಿಯಾಕ್ಕೆ ಹೋಗುವ ಐದು ವರ್ಷ ಮೊದಲೇ ಅವರಿಗೆ ವಾಯುಸಾಗಣೆಯ ಮಹತ್ವದ ಅನುಭವವೊಂದು ಆಗಿತ್ತು. 1948ರಲ್ಲಿ ಕಾಶ್ಮೀರದಲ್ಲಿ ಸೇನಾ ವಿಭಾಗವೊಂದರ ನಾಯಕರಾಗಿದ್ದಾಗ ಲೇಹ್ ಪಟ್ಟಣವು ಮುತ್ತಿಗೆಯ ಅಪಾಯವನ್ನು ಎದುರಿಸುತ್ತಿತ್ತು. ಜೋಜಿಲಾ ಕಣಿವೆಯ ಮಾರ್ಗ ಶತ್ರುಗಳ ವಶದಲ್ಲಿದ್ದುದರಿಂದ ನೆಲದ ದಾರಿಯಲ್ಲಿ ನೆರವು ಕಳುಹಿಸುವಂತಿರಲಿಲ್ಲ. ಲಡಾಖಿನ ಎಂಜಿನಿಯರ್ ಸೋನಂ ನೋರ್ಬು ಅವರ ನೇತೃತ್ವದಲ್ಲಿ ಸ್ಥಳೀಯರು ಅಲ್ಲೊಂದು ಕಚ್ಚಾ ಓಡುದಾರಿಯನ್ನು ಸಿದ್ಧಗೊಳಿಸಿದರು. ಅದೇ ವರ್ಷದ ಮೇ ತಿಂಗಳಿನಲ್ಲಿ ಏರ್ ಕಮಡೋರ್ ಮೆಹರ್ ಸಿಂಗ್ ಅವರು ಹತ್ತು ಸಾವಿರ ಅಡಿಗಳಿಗೂ ಎತ್ತರದ ಆ ಸ್ಥಳದಲ್ಲಿ ಮೊದಲ ಬಾರಿಗೆ ಡಕೋಟಾ ವಿಮಾನವನ್ನು ಇಳಿಸಿದಾಗ ಅದರಲ್ಲಿ ತಿಮ್ಮಯ್ಯನವರೂ ಇದ್ದರು. ತಮ್ಮ ಸೈನಿಕರನ್ನು ಕಳುಹಿಸುವ ಮೊದಲು ಆ ದಾರಿಯ ಅಪಾಯವನ್ನು ಸೇನಾಪತಿ ತಾನೇ ಅನುಭವಿಸಿ ನೋಡಿದ್ದು ಇಲ್ಲಿ ಗಮನಾರ್ಹ.

ಆ ಕಾಲದ ಭಾರತದ ಸಾಗಣೆ ಸಾಮರ್ಥ್ಯದ ಹಿಂದೆ ಬೆಂಗಳೂರಿನ ಪಾತ್ರವೂ ಇದ್ದಿತೆಂಬುದನ್ನು ಇಲ್ಲಿ ನೆನೆಯಬೇಕು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ಸಹಯೋಗದಿಂದ ಸ್ಥಾಪಿಸಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಾಯುಪಡೆಯ ವಿಮಾನಗಳ ದುರಸ್ತಿ ಕೇಂದ್ರವಾಯಿತು. ಯುದ್ಧ ಮುಗಿದ ಮೇಲೆ ಉಳಿದುಹೋದ ಡಕೋಟಾಗಳನ್ನು ಇಲ್ಲಿ ನವೀಕರಿಸಿ ಸೇನೆಗೂ ನಾಗರಿಕ ಬಳಕೆಗೂ ಒದಗಿಸಲಾಯಿತು. ಅಂದರೆ ದೇಶದೊಳಗಿನ ಅಗತ್ಯಗಳಿಗೆ ವಿಮಾನವನ್ನೂ ಅದನ್ನು ನಡೆಸುವ ಕೌಶಲವನ್ನೂ ಭಾರತವು ಸಂಪಾದಿಸಿಕೊಳ್ಳುತ್ತಿತ್ತು. ಸಮುದ್ರದಾಚೆಯ ಶಾಂತಿಕಾರ್ಯಕ್ಕೆ ಬೇಕಾದ ಬಲ ಮಾತ್ರ ಅದಕ್ಕೆ ಇನ್ನೂ ಒದಗಿರಲಿಲ್ಲ.

ಕೊರಿಯಾದ ಕದನವಿರಾಮ ಒಪ್ಪಂದಕ್ಕೆ 1953ರ ಜುಲೈ 27ರಂದು ಪನ್‌ಮುನ್‌ಜಾಮ್‌ನಲ್ಲಿ ಸಹಿಯಾಯಿತು. ಮಾತುಕತೆಯನ್ನು ಬಹುಕಾಲ ತಡೆದು ನಿಲ್ಲಿಸಿದ್ದ ತೊಡಕು ಯುದ್ಧಕೈದಿಗಳದಾಗಿತ್ತು. ವಿಶ್ವಸಂಸ್ಥೆಯ ಪಡೆಗಳ ಕೈಸೆರೆಯಲ್ಲಿದ್ದ ಸಾವಿರಾರು ಚೀನೀಯರೂ ಉತ್ತರ ಕೊರಿಯನ್ನರೂ ತಮ್ಮ ದೇಶಗಳಿಗೆ ಮರಳಲು ಒಪ್ಪುವುದಿಲ್ಲವೆಂದು ಒಂದು ಪಕ್ಷ ಹೇಳುತ್ತಿತ್ತು. ಅವರನ್ನು ಬೆದರಿಸಿ ಹಾಗೆ ಹೇಳಿಸಲಾಗುತ್ತಿದೆ ಎಂಬುದು ಇನ್ನೊಂದು ಪಕ್ಷದ ವಾದ. ಪರಿಹಾರಕ್ಕಾಗಿ ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್ ಮತ್ತು ಚೆಕೊಸ್ಲೊವಾಕಿಯಗಳು ಅದರ ಸದಸ್ಯ ರಾಷ್ಟ್ರಗಳಾದರೆ, ಭಾರತವು ಸದಸ್ಯತ್ವದ ಜೊತೆಗೆ ಅಧ್ಯಕ್ಷ ಸ್ಥಾನವನ್ನೂ ಹೊತ್ತಿತು. ಆ ಸ್ಥಾನಕ್ಕೆ ಬಂದವರು ಲೆಫ್ಟಿನೆಂಟ್ ಜನರಲ್ ತಿಮ್ಮಯ್ಯ. ಕೈದಿಗಳನ್ನು ವಶಕ್ಕೆ ಪಡೆದು ಕಾಯುವ ಭಾರತೀಯ ರಕ್ಷಣಾ ಪಡೆಯ ನಾಯಕರಾಗಿ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್ ನೇಮಕಗೊಂಡರು. ಕೈದಿಗಳ ಶಿಬಿರಗಳನ್ನು ಎರಡು ಸೈನ್ಯಗಳ ನಡುವಿನ ನಾಲ್ಕು ಕಿಲೋಮೀಟರ್ ಅಗಲದ ಸೇನಾರಹಿತ ವಲಯದಲ್ಲಿ ಸ್ಥಾಪಿಸುವುದೆಂದು ನಿರ್ಧಾರವಾಯಿತು.

ಭಾರತದಿಂದ ಹಡಗುಗಳಲ್ಲಿ ಹೊರಟ ಸುಮಾರು ಆರು ಸಾವಿರ ಮಂದಿಯ ಪಡೆ ದಕ್ಷಿಣ ಕೊರಿಯಾದ ಇಂಚಾನ್ ಬಂದರನ್ನು ತಲುಪಬೇಕಿತ್ತು. ಅಲ್ಲಿಂದ ಪನ್‌ಮುನ್‌ಜಾಮ್‌ಗೆ ನೇರ ದೂರ ಐವತ್ತು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು. ರೈಲು ಅಥವಾ ಲಾರಿಗಳಲ್ಲಿ ಒಂದು ದಿನಕ್ಕೂ ಕಡಿಮೆ ಅವಧಿಯ ಪ್ರಯಾಣ. ಆದರೆ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರು ಭಾರತೀಯ ಸೈನಿಕರು ತಮ್ಮ ನೆಲದ ಮೇಲೆ ಕಾಲಿಡುವುದಕ್ಕೆ ಸಮ್ಮತಿಸಲಿಲ್ಲ. ಭಾರತವು ಕಮ್ಯುನಿಸ್ಟ್ ಪಕ್ಷಪಾತಿಯೆಂಬುದು ಅವರ ನಂಬಿಕೆ. ಕದನವಿರಾಮಕ್ಕೆ ಅವರ ಸರ್ಕಾರ ಸಹಿಯನ್ನೂ ಹಾಕಿರಲಿಲ್ಲ. ಅದೇ ಜೂನ್ 18ರಂದು ಸುಮಾರು 27,000 ಕೈದಿಗಳನ್ನು ತಾವಾಗಿಯೇ ಬಿಡುಗಡೆ ಮಾಡಿ ಒಪ್ಪಂದವನ್ನೇ ಅಪಾಯಕ್ಕೆ ಒಡ್ಡಿದ್ದ ಅವರ ಬೆದರಿಕೆಯನ್ನು ಲಘುವಾಗಿ ಪರಿಗಣಿಸುವಂತಿರಲಿಲ್ಲ.

ಈ ನಿರಾಕರಣೆಯ ತೀವ್ರತೆಯನ್ನು ಅರಿಯಲು ಎರಡು ವರ್ಷ ಹಿಂದಿನ ಘಟನೆಯೊಂದನ್ನು ಹೋಲಿಸಿ ನೋಡಬಹುದು. 1950ರ ಕೊನೆಯಲ್ಲಿ ಭಾರತವು ಯುದ್ಧಕ್ಕೆ ಸೈನ್ಯವನ್ನು ಕಳುಹಿಸದೆ, ಗಾಯಾಳುಗಳ ಶುಶ್ರೂಷೆಗಾಗಿ ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ 60ನೆಯ ಪ್ಯಾರಾಚೂಟ್ ವೈದ್ಯಕೀಯ ದಳವನ್ನು ಕಳುಹಿಸಿತ್ತು. 1951ರ ಮಾರ್ಚ್ 23ರಂದು ಮುನ್‌ಸಾನ್ ಎಂಬಲ್ಲಿ ಅಮೆರಿಕದ ವಿಮಾನಗಳಿಂದ ಪಡೆಗಳು ಧುಮುಕಿದಾಗ ಈ ದಳದ ಒಂದು ತಂಡವೂ ಜೊತೆಗೆ ಧುಮುಕಿ ರಣರಂಗದಲ್ಲೇ ಚಿಕಿತ್ಸೆ ನೀಡಿತು. ಮುನ್‌ಸಾನ್ ಇರುವುದು ಪನ್‌ಮುನ್‌ಜಾಮ್‌ನ ಸನಿಹದಲ್ಲೇ. ಯುದ್ಧದ ನಡುವೆ ಆಕಾಶದಿಂದ ಇಳಿದ ಭಾರತೀಯ ವೈದ್ಯನಿಗೆ ದೊರೆತ ನೆಲ, ಯುದ್ಧ ನಿಂತ ಮೇಲೆ ಕಾವಲಿಗೆ ಬಂದ ಭಾರತೀಯ ಸಿಪಾಯಿಗೆ ದೊರೆಯಲಿಲ್ಲ. ಒಬ್ಬನು ತಮ್ಮ ಪಕ್ಷದ ಗಾಯಗಳಿಗೆ ಮದ್ದು ಹಾಕಿದವನು, ಇನ್ನೊಬ್ಬನು ಎರಡೂ ಪಕ್ಷಗಳ ನಡುವೆ ನಿಲ್ಲಲು ಬಂದವನು. ತಟಸ್ಥನ ಮೇಲಿನ ಸಂಶಯ ಎಷ್ಟು ಆಳವಾಗಿರಬಲ್ಲುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ನೆಲವನ್ನು ಮುಟ್ಟದೆ ನೆಲದ ಮೇಲಿನ ಸ್ಥಳವೊಂದನ್ನು ತಲುಪುವ ಈ ಸಮಸ್ಯೆಗೆ ಕಂಡುಕೊಂಡ ಉಪಾಯವೇ ಹೆಲಿಕಾಪ್ಟರ್ ಸಾಗಣೆ. ಇಂಚಾನ್ ಬಳಿ ಲಂಗರು ಹಾಕಿದ ಹಡಗುಗಳಿಂದ ಸೈನಿಕರನ್ನು ಅಮೆರಿಕದ ಪಾಯಿಂಟ್ ಕ್ರೂಜ್ ಎಂಬ ವಿಮಾನವಾಹಕ ಹಡಗಿಗೆ ವರ್ಗಾಯಿಸಿ, ಅದರ ಮೇಲ್ತಟ್ಟಿನಿಂದ ಅಮೆರಿಕದ ಹೆಲಿಕಾಪ್ಟರುಗಳಲ್ಲಿ ನೇರವಾಗಿ ಸೇನಾರಹಿತ ವಲಯಕ್ಕೆ ಒಯ್ಯಲಾಯಿತು. ಆಗ ಬಳಕೆಯಲ್ಲಿದ್ದ ಸಿಕೋರ್ಸ್ಕಿ ಯಂತ್ರವೊಂದರಲ್ಲಿ ಹೆಚ್ಚೆಂದರೆ ಹತ್ತು ಮಂದಿ ಕೂರಬಹುದಿತ್ತು. ಪ್ರತಿ ಬಾರಿಯೂ ಪೂರ್ಣ ಹತ್ತು ಮಂದಿಯೆಂದೇ ಲೆಕ್ಕ ಹಿಡಿದರೂ ಆರು ಸಾವಿರ ಜನರಿಗೆ ಆರು ನೂರು ಹಾರಾಟಗಳು ಬೇಕು. ಸೈನಿಕನು ಹೊರುವ ಆಯುಧ, ಹಾಸಿಗೆ, ಬಟ್ಟೆಗಳ ತೂಕವನ್ನು ಸೇರಿಸಿದರೆ ಈ ಸಂಖ್ಯೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಪ್ರತಿಯೊಂದು ಹಾರಾಟಕ್ಕೂ ಇಂಧನ, ಹವಾಮಾನ, ಇಳಿಯುವ ಸ್ಥಳ ಇವೆಲ್ಲ ಹೊಂದಿಬರಬೇಕು. ಹೆಲಿಕಾಪ್ಟರನ್ನು ಸೈನ್ಯಗಳು ದೊಡ್ಡ ಪ್ರಮಾಣದಲ್ಲಿ ಬಳಸಲು ಆರಂಭಿಸಿ ಆಗಿನ್ನೂ ಕೆಲವೇ ವರ್ಷಗಳಾಗಿದ್ದವು ಎಂಬುದನ್ನು ನೆನೆದರೆ ಈ ಕಾರ್ಯದ ಪ್ರಮಾಣ ಮನವರಿಕೆಯಾದೀತು.

ಈ ಏರ್ಪಾಡಿನ ರಾಜಕೀಯ ಅರ್ಥವು ಅದರ ತಾಂತ್ರಿಕ ಸಾಧನೆಗಿಂತ ಮಿಗಿಲಾದುದು. ವಾಯುಸಾಗಣೆ ಎಂದೊಡನೆ ಬೆಟ್ಟ, ಕಡಲು, ಮರುಭೂಮಿಗಳ ಅಡ್ಡಿಯನ್ನು ದಾಟುವ ಸಾಧನವೆಂದು ನಾವು ಭಾವಿಸುತ್ತೇವೆ. ಲೇಹ್‌ನಲ್ಲಿ ಅಡ್ಡಿಯಾಗಿದ್ದುದು ಹಿಮಾಲಯ ಮತ್ತು ಶತ್ರು. ಇಂಚಾನ್‌ನಲ್ಲಿ ಬೆಟ್ಟವೂ ಇರಲಿಲ್ಲ, ಶತ್ರುವೂ ಇರಲಿಲ್ಲ. ಇದ್ದುದು ಒಬ್ಬ ಆಳುವವನ ಅಸಮ್ಮತಿ. ಶಾಂತಿಕಾರ್ಯದ ಹಾರಾಟಗಳನ್ನು ದೂರಕ್ಕಿಂತ ಸಮ್ಮತಿಯೇ ಹೆಚ್ಚಾಗಿ ನಿರ್ಧರಿಸುತ್ತದೆ ಎಂಬ ಮಾತಿಗೆ ಇಂಚಾನ್ ಪ್ರಸಂಗವೇ ಪ್ರಬಲ ಆಧಾರ. ಇನ್ನೊಂದು ಸಂಗತಿಯನ್ನೂ ಇಲ್ಲಿ ಮರೆಮಾಚಬಾರದು. ತಟಸ್ಥವೆಂದು ಹೆಸರಾದ ಪಡೆಯು ತನ್ನ ಕರ್ತವ್ಯದ ಸ್ಥಳವನ್ನು ತಲುಪಿದ್ದು ಯುದ್ಧದಲ್ಲಿ ಪಾಲ್ಗೊಂಡಿದ್ದ ಒಂದು ಪಕ್ಷದ ಯಂತ್ರಗಳಲ್ಲಿ. ಕರಾರಿನ ಷರತ್ತುಗಳಂತೆ ಆಯಾ ಪಕ್ಷವೇ ತನ್ನ ಹತೋಟಿಯ ಭಾಗದಲ್ಲಿ ಸರಬರಾಜಿನ ಹೊಣೆಯನ್ನೂ ಹೊತ್ತಿತ್ತು. ಅನ್ನವನ್ನೂ ವಾಹನವನ್ನೂ ಕೊಟ್ಟವನ ಮುಂದೆ ನಿಷ್ಪಕ್ಷಪಾತಿಯಾಗಿ ಉಳಿಯಬೇಕಾದ ಕಠಿಣ ಪರೀಕ್ಷೆ ತಿಮ್ಮಯ್ಯನವರ ಪಾಲಿಗೆ ಬಂದಿತು.

ಅವರು ಆ ಪರೀಕ್ಷೆಯನ್ನು ಹೇಗೆ ಎದುರಿಸಿದರು? ಸೆಪ್ಟೆಂಬರಿನಲ್ಲಿ ದಕ್ಷಿಣದ ಕಡೆಯಿಂದ 22,600ರಷ್ಟು ಕೈದಿಗಳೂ ಉತ್ತರದ ಕಡೆಯಿಂದ 359 ಮಂದಿಯೂ ಭಾರತೀಯ ಪಡೆಯ ವಶಕ್ಕೆ ಬಂದರು. ಭಾರತೀಯರ ನೆಲೆಗೆ ಹಿಂದ್ ನಗರ ಎಂಬ ಹೆಸರಾಯಿತು. ಕೈದಿಗಳಿಗೆ ಅವರವರ ದೇಶದ ಪ್ರತಿನಿಧಿಗಳು ವಿವರಣೆ ನೀಡುವ ಕಾರ್ಯ ಅಕ್ಟೋಬರ್ 15ರಂದು ಆರಂಭವಾಗಿ, ಹಲವು ಬಾರಿ ನಿಂತು ನಡೆದು, ಡಿಸೆಂಬರ್ 23ಕ್ಕೆ ಮುಗಿಯಿತು. ಬಹುಪಾಲು ಕೈದಿಗಳಿಗೆ ಆ ಅವಕಾಶವೇ ಸಿಗಲಿಲ್ಲ. ಆಯೋಗದಲ್ಲಿ ಎರಡೆರಡು ಮತಗಳು ಎದುರುಬದುರಾದಾಗ ನಿರ್ಣಾಯಕ ಮತ ಅಧ್ಯಕ್ಷರದೇ ಆಗುತ್ತಿತ್ತು. ಕೈದಿಗಳ ಮೇಲೆ ಬಲಪ್ರಯೋಗ ಮಾಡಿ ವಿವರಣೆ ಕೇಳಿಸಬೇಕೆಂಬ ಒತ್ತಾಯಕ್ಕೂ, ಅವಧಿಗೆ ಮೊದಲೇ ಅವರನ್ನು ಬಿಟ್ಟುಬಿಡಬೇಕೆಂಬ ಒತ್ತಾಯಕ್ಕೂ ತಿಮ್ಮಯ್ಯನವರು ಮಣಿಯಲಿಲ್ಲ. ಒಪ್ಪಂದದ ಉದ್ದೇಶ ಪೂರ್ತಿಯಾಗದಿದ್ದ ಕಾರಣ 1954ರ ಜನವರಿಯಲ್ಲಿ ಕೈದಿಗಳನ್ನು ಅವರನ್ನು ಒಪ್ಪಿಸಿದ ಪಕ್ಷಗಳಿಗೇ ಹಿಂದಿರುಗಿಸಲಾಯಿತು. ಎರಡೂ ಪಕ್ಷಗಳಿಂದ ಟೀಕೆ ಬಂದಿತು. ಯಾವ ಕಡೆಗೂ ಹೋಗಲೊಪ್ಪದ 88 ಮಂದಿ ಭಾರತೀಯ ಪಡೆಯೊಡನೆ ಹಡಗಿನಲ್ಲಿ ಮದ್ರಾಸಿಗೆ ಬಂದರು. ಈ ಅನುಭವವನ್ನು ಕುರಿತು ತಿಮ್ಮಯ್ಯನವರು ಬರೆದಿಟ್ಟ ಕೃತಿ ಅವರ ನಿಧನಾನಂತರ 1981ರಲ್ಲಿ ‘ಎಕ್ಸ್‌ಪೆರಿಮೆಂಟ್ ಇನ್ ನ್ಯೂಟ್ರಾಲಿಟಿ’ ಎಂಬ ಹೆಸರಿನಲ್ಲಿ ಪ್ರಕಟವಾಯಿತು. ತಟಸ್ಥತೆಯನ್ನು ಸಿದ್ಧಿಯೆನ್ನದೆ ಪ್ರಯೋಗವೆಂದು ಕರೆದಿರುವ ಈ ಶೀರ್ಷಿಕೆಯೇ ಅರ್ಥಪೂರ್ಣವಾದುದು.

ಕೊರಿಯಾದ ನಂತರದ ದಶಕದಲ್ಲಿ ಪರಿಸ್ಥಿತಿ ಕೆಲಮಟ್ಟಿಗೆ ಬದಲಾಯಿತು. 1960ರಲ್ಲಿ ಆರಂಭವಾದ ಕಾಂಗೋದ ವಿಶ್ವಸಂಸ್ಥಾ ಕಾರ್ಯಾಚರಣೆಗೆ 1961ರಲ್ಲಿ ಭಾರತೀಯ ವಾಯುಪಡೆಯ 5ನೆಯ ಸ್ಕ್ವಾಡ್ರನ್ನಿನ ಕ್ಯಾನ್‌ಬೆರಾ ವಿಮಾನಗಳು ಹೋದವು. ಇದೇ ದೇಶದಲ್ಲಿ ನಾಲ್ಕು ದಶಕಗಳ ತರುವಾಯ ಮತ್ತೊಂದು ಶಾಂತಿಕಾರ್ಯ ನಡೆದಾಗ ಭಾರತೀಯ ವಾಯುಪಡೆಯ ಹೆಲಿಕಾಪ್ಟರುಗಳು ವರ್ಷಗಟ್ಟಲೆ ಅಲ್ಲಿ ಸೇವೆ ಸಲ್ಲಿಸಿದವು. ಅನ್ಯರ ಹೆಲಿಕಾಪ್ಟರಿನಲ್ಲಿ ಕುಳಿತು ಕರ್ತವ್ಯಕ್ಕೆ ಹೋದ ದೇಶ, ಅನ್ಯರಿಗೆ ಹೆಲಿಕಾಪ್ಟರು ಒದಗಿಸುವ ದೇಶವಾಯಿತು.

ಆದರೆ ಸಮ್ಮತಿಯ ಪ್ರಶ್ನೆ ಹಾಗೆಯೇ ಉಳಿಯಿತು. ನಿವೃತ್ತಿಯ ನಂತರ 1964ರ ಜುಲೈನಲ್ಲಿ ತಿಮ್ಮಯ್ಯನವರು ಸೈಪ್ರಸ್‌ನಲ್ಲಿದ್ದ ವಿಶ್ವಸಂಸ್ಥೆಯ ಪಡೆಯ ನಾಯಕತ್ವ ವಹಿಸಿಕೊಂಡರು. ಕೆಲವೇ ವಾರಗಳಲ್ಲಿ, ಆಗಸ್ಟಿನ ಆರಂಭದಲ್ಲಿ, ದ್ವೀಪದ ವಾಯವ್ಯ ಭಾಗದ ಮೇಲೆ ತುರ್ಕಿಯ ವಿಮಾನಗಳು ದಾಳಿ ನಡೆಸಿದವು. ಶಾಂತಿಪಡೆಗೆ ಸರಬರಾಜಿನ ನೆರವು ನೀಡುತ್ತಿದ್ದ ಬ್ರಿಟನ್ ದ್ವೀಪದಲ್ಲಿ ತನ್ನದೇ ಸೇನಾನೆಲೆಗಳನ್ನು ಉಳಿಸಿಕೊಂಡಿದ್ದ ಹಿತಾಸಕ್ತ ರಾಷ್ಟ್ರವೂ ಆಗಿತ್ತು. ಹೀಗೆ ಕೊರಿಯಾದ ಸಂದಿಗ್ಧವೇ ಇಲ್ಲಿ ಮತ್ತೊಂದು ರೂಪದಲ್ಲಿ ಎದುರಾಯಿತು. 1965ರ ಡಿಸೆಂಬರಿನಲ್ಲಿ ಕರ್ತವ್ಯದಲ್ಲಿದ್ದಾಗಲೇ ಹೃದಯಾಘಾತದಿಂದ ಅವರು ಅಲ್ಲಿ ನಿಧನ ಹೊಂದಿದರು. ಅವರ ಪಾರ್ಥಿವ ಶರೀರವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ಅಂತ್ಯಕ್ರಿಯೆ ನೆರವೇರಿಸಲಾಯಿತು. ಮರುವರ್ಷ ಸೈಪ್ರಸ್ ಅವರ ಸ್ಮರಣೆಗಾಗಿ ಅಂಚೆಚೀಟಿಯನ್ನು ಹೊರತಂದಿತು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’ 2021ರಿಂದ ಸ್ಮಾರಕ ವಸ್ತುಸಂಗ್ರಹಾಲಯವಾಗಿದೆ.

ಈ ಚರಿತ್ರೆ ಹಳೆಯದಾಗಿ ಮುಗಿದುಹೋಯಿತೆಂದು ಭಾವಿಸುವಂತಿಲ್ಲ. 2022ರ ಫೆಬ್ರವರಿ 24ರಂದು ಉಕ್ರೇನಿನ ವಾಯುಪ್ರದೇಶ ಮುಚ್ಚಿದಾಗ ಕರ್ನಾಟಕದ ನೂರಾರು ವಿದ್ಯಾರ್ಥಿಗಳು ಅಲ್ಲಿ ಸಿಲುಕಿದರು. ವಿಮಾನಗಳಿದ್ದವು, ಚಾಲಕರಿದ್ದರು, ಇಳಿಯಲು ಆಕಾಶ ತೆರೆದಿರಲಿಲ್ಲ. ಭಾರತದ ‘ಆಪರೇಷನ್ ಗಂಗಾ’ ಅಡಿಯಲ್ಲಿ ನಡೆದ 90 ಹಾರಾಟಗಳು ರೊಮೇನಿಯಾ, ಹಂಗೇರಿ, ಪೋಲೆಂಡ್, ಸ್ಲೊವಾಕಿಯಗಳಂತಹ ನೆರೆಯ ದೇಶಗಳಿಂದ ಹೊರಡಬೇಕಾಯಿತು. ಗಡಿಯವರೆಗಿನ ದಾರಿಯನ್ನು ಮಕ್ಕಳು ರೈಲು, ಬಸ್ಸು ಸಿಕ್ಕಲ್ಲಿ ಅವುಗಳಲ್ಲಿ, ಸಿಗದಲ್ಲಿ ಕಾಲ್ನಡಿಗೆಯಲ್ಲಿ ಕ್ರಮಿಸಿದರು. ಮಾರ್ಚ್ 1ರಂದು ಖಾರ್ಕಿವ್‌ನಲ್ಲಿ ಆಹಾರಕ್ಕಾಗಿ ಹೊರಬಂದಿದ್ದ ಹಾವೇರಿ ಜಿಲ್ಲೆಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಅವನ ದೇಹ ಬೆಂಗಳೂರನ್ನು ತಲುಪಿದ್ದು ಮಾರ್ಚ್ 21ರಂದು.

ಇಂಚಾನ್‌ನಲ್ಲಿ ನೆಲ ಮುಚ್ಚಿತ್ತು, ಆಕಾಶ ತೆರೆದಿತ್ತು. ಉಕ್ರೇನಿನಲ್ಲಿ ಆಕಾಶ ಮುಚ್ಚಿತ್ತು, ನೆಲದ ದಾರಿಯಷ್ಟೇ ಉಳಿದಿತ್ತು. ಎರಡು ಸಂದರ್ಭಗಳಲ್ಲಿಯೂ ಯೋಜಕರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ವಿಮಾನ ಎಷ್ಟಿವೆ ಎಂಬುದಲ್ಲ, ಯಾರ ಒಪ್ಪಿಗೆ ಇದೆ ಎಂಬುದು. ಆ ಒಪ್ಪಿಗೆಯನ್ನು ಗಳಿಸಿಕೊಡುವುದು ಯಂತ್ರಬಲವಲ್ಲ. ಬಹುಕಾಲದ ನಡವಳಿಕೆಯಿಂದ ಬಂದ ವಿಶ್ವಾಸ. ಎರಡೂ ಪಕ್ಷಗಳ ಟೀಕೆಯನ್ನು ಸಹಿಸಿಯೂ ನ್ಯಾಯದ ಗೆರೆಯನ್ನು ಬಿಡದ ತಿಮ್ಮಯ್ಯನವರನ್ನು ಒಂದು ದಶಕದ ತರುವಾಯ ಸೈಪ್ರಸ್‌ಗೆ ಕರೆದದ್ದು ಅಂಥ ವಿಶ್ವಾಸದ ಫಲವೆಂದೇ ತಿಳಿಯಬೇಕಾಗುತ್ತದೆ. ಕರ್ನಾಟಕದ ಸೈನಿಕ ಇತಿಹಾಸದ ಅಧ್ಯಯನವು ಯುದ್ಧಗಳ ಜೊತೆಗೆ ಈ ಬಗೆಯ ಕಾರ್ಯಗಳನ್ನೂ, ಅವುಗಳ ಹಿಂದಿನ ಸಾಗಣೆಯ ಚರಿತ್ರೆಯನ್ನೂ ತನ್ನ ವ್ಯಾಪ್ತಿಗೆ ತಂದುಕೊಳ್ಳುವುದು ಅವಶ್ಯ. ಕಾದಿ ಮಡಿದವನಿಗೆ ವೀರಗಲ್ಲು ನಿಲ್ಲಿಸಿದ ನಾಡಿನಲ್ಲಿ, ಕಾಯ್ದು ನಿಂತವನಿಗೂ ಒಂದು ಬರಹದ ಕಲ್ಲು ಸಲ್ಲಬೇಕು.